ಬಾವಿಯ ಗೋಡೆಯಲ್ಲಿ ಬಸಾಲ್ಟ್‌ನ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಎರೆಹೊಲದಲ್ಲಿ ತೆರೆದ ಬಾವಿ ತೋಡುತ್ತಿದ್ದರೆ ಅದರ ಗೋಡೆಯನ್ನು ಗಮನಿಸಿ. ಮೇಲೆ ಕಪ್ಪು ಎರೆಮಣ್ಣು, ಕೆಳಗೆ ಸುಣ್ಣದ ಹರಳು ಬೆರೆತ ಗರಸು, ಅದರಡಿ ಈರುಳ್ಳಿಯಂತೆ ಸಿಪ್ಪೆ ಬಿಡುವ ದುಂಡುಗಲ್ಲುಗಳು, ಕೊನೆಗೆ ಗಟ್ಟಿ ಕರಿಗಲ್ಲು. ಈ ಕರಿಗಲ್ಲೇ ಬಸಾಲ್ಟ್. ಮೇಲಿರುವುದು ಬಹುಮಟ್ಟಿಗೆ ಅದೇ ಶಿಥಿಲವಾಗಿ ಆದದ್ದು. ನದಿದಂಡೆಯಲ್ಲಿ ಮಾತ್ರ ಹೊಳೆ ತಂದ ಮೆಕ್ಕಲೂ ಸೇರಿರುತ್ತದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಶಿಲಾರಾಶಿಗೆ ದಖನ್ ಟ್ರ್ಯಾಪ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ 'ಟ್ರಾಪ' ಎಂದರೆ ಮೆಟ್ಟಿಲು. ಗುಡ್ಡಗಳ ಮೆಟ್ಟಿಲಿನಂಥ ಅಂಚು ನೋಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್ ಈ ಸೀಮೆಯ ಶಿಲೆಗಳನ್ನು ಕುರಿತ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಶಿಲೆಗಳ ವಯಸ್ಸನ್ನು ವರ್ಷಗಳಲ್ಲಿ ಅಳೆಯುವ ವಿಕಿರಣ ವಿಧಾನ ಆಗಿನ್ನೂ ಇರಲಿಲ್ಲ. ಯಾವುದರ ಮೇಲೆ ಯಾವುದು ಕುಳಿತಿದೆ ಎಂಬುದೇ ಆಗಿನವರ ಗಡಿಯಾರ. ದಕ್ಷಿಣಕ್ಕೆ ಗೋಕಾಕದಲ್ಲಿ ಘಟಪ್ರಭೆ ಧುಮುಕುವ ಮರಳುಗಲ್ಲಿನ ಬಂಡೆ ಬಸಾಲ್ಟ್‌ಗಿಂತ ಬಹಳ ಹಳೆಯದೆಂದು ಆ ಗಡಿಯಾರವೇ ಹೇಳುತ್ತದೆ.

ಕಲ್ಲು ದುಂಡಗಾಗುವುದೇಕೆ? ಆರುವಾಗ ಲಾವಾ ಸಂಕುಚಿಸಿ ಸೀಳು ಬಿಡುತ್ತದೆ. ಸೀಳುಗಳು ಅದನ್ನು ಒರಟು ಇಟ್ಟಿಗೆಗಳಾಗಿ ವಿಭಜಿಸುತ್ತವೆ. ಸೀಳಿನಲ್ಲಿ ಇಳಿದ ನೀರು ಇಟ್ಟಿಗೆಯ ಮುಖವನ್ನು ಒಂದು ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಮೂಲೆ ಮೊದಲು ಸವೆಯುತ್ತದೆ, ಚೌಕ ಗೋಳವಾಗುತ್ತದೆ. ತರಗತಿಯಲ್ಲಿ ಸಕ್ಕರೆ ಅಚ್ಚೊಂದನ್ನು ನೀರಿಗೆ ಹಾಕಿ ತೋರಿಸಬಹುದು.

ಮಳೆನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಅದನ್ನು ದುರ್ಬಲ ಆಮ್ಲವಾಗಿಸುತ್ತದೆ. ಅದರ ಕೈಗೆ ಸಿಕ್ಕ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಖನಿಜಗಳು ಜೇಡಿಯಾಗಿ ಮಾರ್ಪಟ್ಟು ಕ್ಯಾಲ್ಸಿಯಂ, ಸೋಡಿಯಂ, ಮೆಗ್ನೀಸಿಯಂಗಳನ್ನು ಬಿಟ್ಟುಕೊಡುತ್ತವೆ. ಎರೆಯಲ್ಲಿ ಹೆಚ್ಚಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಹೊಲ ಕಾಲು ಸಿಕ್ಕಿಬೀಳುವಷ್ಟು ಬಿರಿಯುವುದು ಇದರಿಂದಲೇ. ಮಳೆ ಹೆಚ್ಚಿದ್ದಲ್ಲಿ ಬಿಡುಗಡೆಯಾದ ಲವಣಗಳು ತೊಳೆದುಹೋಗುತ್ತವೆ. ಪೂರ್ವದ ಅಥಣಿಯ ಕಡೆ ಮಳೆ ಕಡಿಮೆ, ಹಾಗಾಗಿ ಬಹುಪಾಲು ಅಲ್ಲೇ ಉಳಿಯುತ್ತವೆ. ಬಾವಿಯಲ್ಲಿ ಕಂಡ ಸುಣ್ಣದ ಹರಳು ಅದಕ್ಕೆ ಸಾಕ್ಷಿ.

ಇನ್ನು ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೆ ಬನ್ನಿ. ಇಲ್ಲಿ ಸವಳು-ಜವಳಿನ ಕಾಟ ಹಳೆಯ ದೂರು. ನೀರು ಹೆಚ್ಚು ಹಾಯಿಸಿ ಬಸಿಯಲು ದಾರಿ ಬಿಡದಿದ್ದರೆ ಅಂತರ್ಜಲ ಮೇಲೇರುತ್ತದೆ. ಜೇಡಿಯ ಸೂಕ್ಷ್ಮ ರಂಧ್ರಗಳಲ್ಲಿ ಕೇಶಾಕರ್ಷಣೆಯಿಂದ ಹತ್ತಿದ ನೀರು ಆವಿಯಾಗಿ, ಲವಣ ನೆಲದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಚದುರಿ ರಂಧ್ರಗಳನ್ನೇ ಮುಚ್ಚುತ್ತವೆ; ಆಮೇಲೆ ಬಸಿಯುವುದೂ ಕಷ್ಟ. ರೈತರು ಇದನ್ನು ಗೊಬ್ಬರದ ದೋಷವೆನ್ನುವುದುಂಟು. ಅದೊಂದೇ ಅಲ್ಲ, ಲವಣದ ಒಂದು ಪಾಲು ಕಾಲ ಕೆಳಗಿನ ಕಲ್ಲಿನದೇ. ಒಂದು ಸೆಂಟಿಮೀಟರ್ ಮಣ್ಣಾಗಲು ನೂರಾರು ವರ್ಷ ಬೇಕು. ಅದು ಸವಳಾಗಲು ಕೆಲವು ದಶಕ ಸಾಕು. ಬಸಿಗಾಲುವೆ ತೆಗೆದು, ಅಗತ್ಯವಿದ್ದಲ್ಲಿ ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ತೊಳೆದರೆ ಇಂಥ ಭೂಮಿ ಸುಧಾರಿಸುತ್ತದೆ. ಆದರೆ ಬಸಿದ ಉಪ್ಪುನೀರನ್ನು ಎಲ್ಲಿಗೆ ಬಿಡಬೇಕೆಂಬುದನ್ನು ಕಾಲುವೆ ತೋಡುವ ಮೊದಲೇ ತೀರ್ಮಾನಿಸಬೇಕು, ಏಕೆಂದರೆ ಕೆಳಗಿನ ಹೊಲವೂ ಎರೆಯದೇ.