ಮಾಗಿಯ ಪರಾಗ: ಟೆಕ್ಸಾಸ್‌ನ ‘ಸೀಡರ್ ಜ್ವರ’ ಮತ್ತು ಚಿಕಿತ್ಸೆಯ ಕಾಲನಿರ್ಣಯ

ಪರಾಗದ ಅಲರ್ಜಿಯ ಕುರಿತ ಆರಂಭದ ವೈದ್ಯಕೀಯ ಬರವಣಿಗೆ ಹೆಚ್ಚಾಗಿ ಬೇಸಿಗೆಯದು. 1819ರಲ್ಲಿ ಜಾನ್ ಬಾಸ್ಟಾಕ್ ಲಂಡನ್ನಿನಲ್ಲಿ ತಮ್ಮದೇ ಕಣ್ಣು-ಮೂಗಿನ ಬಾಧೆಯನ್ನು ವಿವರಿಸಿದ್ದು ಬೇಸಿಗೆಯ ಕಾಯಿಲೆಯೆಂದು. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅದರ ಮೂಲ ಪರಾಗವೆಂದು ತೋರಿಸಿದ್ದೂ ಮುಖ್ಯವಾಗಿ ಹುಲ್ಲಿನ ಪರಾಗವನ್ನು ತಮ್ಮ ಮೇಲೆ ಪ್ರಯೋಗಿಸಿಕೊಂಡೇ. ಹೀಗಾಗಿ ಕೊರೆಯುವ ಚಳಿಯಲ್ಲಿ ಸೀನು ಶುರುವಾದರೆ ಅದು ನೆಗಡಿಯೆಂದೇ ಜನ ತಿಳಿಯುತ್ತಾರೆ. ಈ ಗ್ರಹಿಕೆ ತುಂಬ ತೊಂದರೆ ಕೊಡುವುದು ಮಧ್ಯ ಟೆಕ್ಸಾಸ್‌ನಲ್ಲಿ. ಅಲ್ಲಿ ಆಶ್ ಜೂನಿಪರ್ ಎಂಬ ಮರ ಪರಾಗ ಸುರಿಸುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಈ ಅಲರ್ಜಿಯ ಶಮನದಲ್ಲಿ ಔಷಧದ ಆಯ್ಕೆಗಿಂತ ಅದನ್ನು ಆರಂಭಿಸುವ ದಿನವೇ ಹೆಚ್ಚು ನಿರ್ಣಾಯಕ ಎಂಬುದು ಈ ಲೇಖನದ ವಾದ.

ಮರದ ಸ್ವಭಾವವನ್ನು ಮೊದಲು ನೋಡಬೇಕು. ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ ಹಬ್ಬಿದ ಎಡ್ವರ್ಡ್ಸ್ ಪ್ರಸ್ಥಭೂಮಿಯ ಸುಣ್ಣಕಲ್ಲಿನ ಗುಡ್ಡಗಳು ಇದರ ನೆಲೆ. ಸ್ಥಳೀಯರು ‘ಮೌಂಟನ್ ಸೀಡರ್’ ಎನ್ನುತ್ತಾರಾದರೂ ಇದು ಸೈಪ್ರೆಸ್ ಕುಟುಂಬದ್ದು. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಡಿಸೆಂಬರ್ ಹೊತ್ತಿಗೆ ಗಂಡು ಮರದ ರೆಂಬೆಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಶಂಕುಗಳು ಬಲಿತು, ಇಡೀ ಮರ ಕಿತ್ತಳೆ-ಕಂದು ಬಣ್ಣಕ್ಕೆ ತಿರುಗುತ್ತದೆ. ಉತ್ತರದ ಶೀತಗಾಳಿ ಬೀಸಿಹೋದ ಮೇಲೆ ಒಣಹವೆ, ಬಿಸಿಲು, ಗಾಳಿ ಕೂಡಿದರೆ ಶಂಕುಗಳು ಬಿರಿಯುತ್ತವೆ. ಹಳದಿ ಧೂಳು ಹೊಗೆಯಾಗಿ ಏಳುತ್ತದೆ. ಕಾಡಿಗೆ ಬೆಂಕಿ ಬಿದ್ದಿದೆಯೆಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದವರೂ ಉಂಟು. ಅಮೆರಿಕದ ಪರಾಗ ಮಾಪನದಲ್ಲಿ ಮರದ ಪರಾಗ ಒಂದು ಘನ ಮೀಟರ್ ಗಾಳಿಯಲ್ಲಿ 1500 ಕಣ ದಾಟಿದರೆ ‘ಅತಿ ಹೆಚ್ಚು’. ಜೂನಿಪರ್ ಋತುವಿನಲ್ಲಿ ಆಸ್ಟಿನ್ ಈ ಗಡಿಯನ್ನು ಸಲೀಸಾಗಿ ದಾಟುತ್ತದೆ.

ಮರಗಳನ್ನೇ ಕಡಿದುಬಿಟ್ಟರೇನು ಎಂಬ ಪ್ರಶ್ನೆ ಸಹಜ. ಆದರೆ 1990ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಚಿನ್ನದ ಕೆನ್ನೆಯ ವಾರ್ಬ್ಲರ್ ಹಕ್ಕಿ ಗೂಡು ಕಟ್ಟಲು ಬಳಸುವುದು ಹಳೆಯ ಆಶ್ ಜೂನಿಪರ್‌ನ ತೊಗಟೆಯ ಎಳೆಗಳನ್ನು. ಮೇಲಾಗಿ ಈ ಪರಾಗ ಗಾಳಿಯಲ್ಲಿ ಬಹುದೂರ ಸಾಗುವುದರಿಂದ ಅಂಗಳದ ಒಂದು ಮರ ಉರುಳಿಸಿದರೆ ಆಗುವ ಲಾಭ ಅಷ್ಟಕ್ಕಷ್ಟೆ.

ಊರಿಗೆ ಹೊಸದಾಗಿ ಬಂದವರಿಗೆ ಮೊದಲ ಚಳಿಗಾಲದಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜುನ್ ಎ 1 ಎಂಬ ಪರಾಗದ ಪ್ರೋಟೀನಿಗೆ ದೇಹ ಐಜಿಇ ಪ್ರತಿಕಾಯಗಳನ್ನು ರೂಪಿಸಿಕೊಳ್ಳಲು ಕೆಲವು ಋತುಗಳೇ ಹಿಡಿಯುತ್ತವೆ. ಆದ್ದರಿಂದ ‘ಇಷ್ಟು ವರ್ಷ ಇಲ್ಲದ್ದು ಈಗೇಕೆ’ ಎಂಬ ಅನುಮಾನ ರೋಗನಿರ್ಣಯವನ್ನು ಮುಂದೂಡುತ್ತದೆ. ಕಣ್ಣು, ಅಂಗುಳ ತುರಿಸುತ್ತಿದ್ದು, ನೀರಿನಂಥ ಸಿಂಬಳ ವಾರ ಕಳೆದರೂ ನಿಲ್ಲದಿದ್ದರೆ ಅಲರ್ಜಿಯನ್ನು ಶಂಕಿಸಬೇಕು. ‘ಸೀಡರ್ ಜ್ವರ’ ಎಂಬ ಹೆಸರಿನಲ್ಲಿ ಜ್ವರವಿದ್ದರೂ ಪರಾಗದಿಂದ ಮೈ ಸುಡುವಂಥ ಜ್ವರ ಬರುವುದಿಲ್ಲ. ಬಂದರೆ ಫ್ಲೂ ಅಥವಾ ಕೋವಿಡ್ ಪರೀಕ್ಷೆ ಮಾಡಿಸಬೇಕು.

ಆಸ್ಟಿನ್ನಿನಲ್ಲಿ ನೆಲೆಸಿರುವ ಕನ್ನಡಿಗರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರಿನ ಕಾಂಗ್ರೆಸ್ ಗಿಡದ ಪರಾಗ ಒಗ್ಗದವರಿಗೆ ಅದೇ ಕುಟುಂಬದ ರ್‍ಯಾಗ್‌ವೀಡ್ ಕೂಡ ಒಗ್ಗದಿರಬಹುದು. ಅದು ಟೆಕ್ಸಾಸ್‌ನಲ್ಲಿ ಹೂ ಬಿಡುವುದು ನವರಾತ್ರಿಯ ಆಸುಪಾಸಿನಲ್ಲಿ. ಅದರಿಂದ ಕೆರಳಿದ ಮೂಗು ಸುಧಾರಿಸಿಕೊಳ್ಳುವಷ್ಟರಲ್ಲಿ ಧನುರ್ಮಾಸ, ಅಂದರೆ ಜೂನಿಪರ್ ಋತು. ಪರಾಗ ಏರುಮಟ್ಟದಲ್ಲಿರುವುದು ಹೆಚ್ಚುಕಡಿಮೆ ಸಂಕ್ರಾಂತಿಯ ಹೊತ್ತಿಗೆ. ಕಿಟಕಿ ಮುಚ್ಚಿದ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಕೆರಳಿದ ಮೂಗನ್ನು ಮತ್ತಷ್ಟು ಕೆಣಕುತ್ತದೆ. ಹೊರಗೆ ಒಣಹಾಕಿದ ಬಟ್ಟೆ, ತೊಳೆಯದ ತಲೆಗೂದಲು ಪರಾಗವನ್ನು ಹಾಸಿಗೆಯವರೆಗೂ ತರುತ್ತವೆ. ಪರಾಗ ಏರುಮಟ್ಟದಲ್ಲಿರುವ ದಿನಗಳಲ್ಲಾದರೂ ರಾತ್ರಿ ಸ್ನಾನ ಮಾಡಿ ಮಲಗುವುದು ಒಳ್ಳೆಯದು.

ಔಷಧಗಳಲ್ಲಿ ಮೊದಲ ಸ್ಥಾನ ಫ್ಲುಟಿಕಸೋನ್‌ನಂಥ ಸ್ಟೀರಾಯ್ಡ್ ಮೂಗಿನ ಸ್ಪ್ರೇಗೆ. ಅದರ ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಜನವರಿಯಲ್ಲಿ ಮೂಗು ಕಟ್ಟಿದ ಮೇಲೆ ಎರಡು ದಿನ ಹೊಡೆದು ‘ಕೆಲಸಕ್ಕೆ ಬಾರದ್ದು’ ಎಂದು ಬಿಡುವವರೇ ಹೆಚ್ಚು. ಡಿಸೆಂಬರ್ ಮೊದಲ ವಾರದಲ್ಲೇ ಆರಂಭಿಸಿ ದಿನವೂ ಬಳಸಬೇಕು. ತಲೆ ತುಸು ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಿಡಿದರೆ ಸ್ಪ್ರೇಯ ತುದಿ ನಡುಗೋಡೆಯಿಂದ ಹೊರಮುಖವಾಗಿ ತಿರುಗುತ್ತದೆ, ರಕ್ತ ಒಸರುವ ಸಾಧ್ಯತೆ ಕಡಿಮೆಯಾಗುತ್ತದೆ. ಸೆಟಿರಿಜಿನ್, ಫೆಕ್ಸೊಫೆನಡಿನ್ ಮಾತ್ರೆಗಳು ಸೀನು-ತುರಿಕೆಗೆ ಸಾಕು, ಕಟ್ಟಿದ ಮೂಗಿಗೆ ಸಾಲವು. ಮೂಗನ್ನು ತಕ್ಷಣ ಬಿಡಿಸುವ ಆಕ್ಸಿಮೆಟಜೊಲಿನ್ ಹನಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಸ್ಥಳೀಯ ಜೇನು ತಿನ್ನುವ ಸಲಹೆಗಂತೂ ಆಧಾರವಿಲ್ಲ: ಜೂನಿಪರ್‌ನ ಪರಾಗ ಸಾಗಿಸುವುದು ಗಾಳಿ, ಜೇನುನೊಣವಲ್ಲ.

ಜಲನೇತಿ ಬಲ್ಲವರಿಗೆ ಉಪ್ಪುನೀರಿನ ಮೂಗುತೊಳೆತ ಹೊಸದಲ್ಲ, ಪ್ರಯೋಜನವೂ ಇದೆ. ಆದರೆ ನಲ್ಲಿ ನೀರನ್ನು ನೇರವಾಗಿ ಬಳಸಕೂಡದು. 2011ರಲ್ಲಿ ಲೂಯಿಸಿಯಾನಾದಲ್ಲಿ ನಲ್ಲಿ ನೀರು ತುಂಬಿದ ನೇತಿ ಪಾತ್ರೆ ಬಳಸಿದ ಇಬ್ಬರು ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಮಿದುಳಿಗೆ ಹೊಕ್ಕು ಸತ್ತರು. ಚೆನ್ನಾಗಿ ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ ಮಾಡಿದ ನೀರೇ ಆಗಬೇಕು.

ಸ್ಪ್ರೇ, ಮಾತ್ರೆಗಳಾಚೆಯ ದೀರ್ಘ ಚಿಕಿತ್ಸೆಗೆ ಜಪಾನಿನತ್ತ ನೋಡಬಹುದು. ಅಲ್ಲಿನ ಸುಗಿ ಮರದ ಪ್ರಮುಖ ಅಲರ್ಜಿಕಾರಕ ಪ್ರೋಟೀನು ಜುನ್ ಎ 1ಕ್ಕೆ ಹತ್ತಿರದ ಸಂಬಂಧಿ. ಎರಡನೇ ಮಹಾಯುದ್ಧದ ನಂತರ ಅಲ್ಲಿ ವ್ಯಾಪಕವಾಗಿ ನೆಟ್ಟ ಸುಗಿ ತೋಪುಗಳು ಬೆಳೆದು, ಇಂದು ಆ ಅಲರ್ಜಿ ರಾಷ್ಟ್ರೀಯ ಸಮಸ್ಯೆ. ಅಲ್ಲಿನ ರೋಗಿಗಳಿಗೆ ನಾಲಿಗೆಯ ಕೆಳಗಿಡುವ ಪ್ರತಿರಕ್ಷಾ ಮಾತ್ರೆ 2018ರಿಂದ ಸಿಗುತ್ತಿದೆ. ಆಶ್ ಜೂನಿಪರ್‌ಗೆ ಅಮೆರಿಕದ ಎಫ್‌ಡಿಎ ಅಂಥ ಮಾತ್ರೆಯನ್ನು ಒಪ್ಪಿಲ್ಲ. ಉಳಿದಿರುವುದು ಚುಚ್ಚುಮದ್ದಿನ ದಾರಿ. ಪ್ರಮಾಣವನ್ನು ಹಂತಹಂತವಾಗಿ ಏರಿಸಲು ಮೂರರಿಂದ ಆರು ತಿಂಗಳು, ಒಟ್ಟು ಚಿಕಿತ್ಸೆಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಹಾಗಾಗಿ ಸಂಕ್ರಾಂತಿಗೆ ಪ್ರಯೋಜನ ಸಿಗಬೇಕಾದರೆ ಮೊದಲ ಚುಚ್ಚುಮದ್ದು ಬೇಸಿಗೆಯಲ್ಲೇ ಬೀಳಬೇಕು.