ಮರದ ಹೊಟ್ಟಿನಿಂದ ಥರ್ಮೋಕೋಲಿಗೆ: ಮೀನಿನ ಪೆಟ್ಟಿಗೆಯ ಕಥೆ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಸುಕಿನಲ್ಲಿ ನಿಂತರೆ, ಬಂಗುಡೆ, ಅಂಜಲ್ ಮೀನುಗಳು ಮಂಜುಗಡ್ಡೆಯ ಪುಡಿಯೊಂದಿಗೆ ಬಿಳಿಯ ಥರ್ಮೋಕೋಲ್ ಪೆಟ್ಟಿಗೆ ಸೇರಿ ದೂರದ ಊರುಗಳಿಗೆ ಹೊರಡುವುದನ್ನು ಕಾಣಬಹುದು. ಮೀನು ಖರ್ಚಾದ ಮೇಲೆ ಪೆಟ್ಟಿಗೆಯ ಗತಿಯೇನು? ಉತ್ತರಕ್ಕೆ ಮುನ್ನ ಅದು ಬಂದ ದಾರಿಯನ್ನು ನೋಡೋಣ.

ಮಂಜುಗಡ್ಡೆ ಇಲ್ಲದ ಕಾಲ

ರಂಪಣಿ ಬಲೆಗೆ ಬೂತಾಯಿ ರಾಶಿಯಾಗಿ ಸಿಕ್ಕಿದ ದಿನ ನಮ್ಮ ಕರಾವಳಿಯಲ್ಲಿ ಸಂತೋಷದ ಜೊತೆಗೆ ಆತಂಕವೂ ಇರುತ್ತಿತ್ತು. ಸಂಜೆಯೊಳಗೆ ಮಾರಾಟವಾಗದ ಮೀನಿಗೆ ಉಪ್ಪು ಹಾಕಿ ಒಣಗಿಸಬೇಕು. ಅದಕ್ಕೂ ಮೀರಿದ್ದು ತೆಂಗಿನ ಬುಡಕ್ಕೆ ಗೊಬ್ಬರ.

ಮಂಜುಗಡ್ಡೆಯನ್ನು ದೂರ ಸಾಗಿಸುವ ಗುಟ್ಟು ಆಗಲೇ ತಿಳಿದಿತ್ತು. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತಕ್ಕೆ ಕಳುಹಿಸಿದ. ನಾಲ್ಕು ತಿಂಗಳ ಪಯಣದ ನಂತರವೂ ಸುಮಾರು 100 ಟನ್ ಕರಗದೆ ಉಳಿದಿತ್ತು. ಟ್ಯೂಡರ್ ಬಳಸಿದ ಉಷ್ಣ ಅವಾಹಕ ಬರಿಯ ಮರದ ಹೊಟ್ಟು. ಹೊಟ್ಟಿನ ಕಣಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿಯೇ ಅಲ್ಲಿನ ನಿಜವಾದ ಕಾವಲುಗಾರ.

ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾಯಿತು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿಯಿತು. ಹಿಡಿಯುವ ಮೀನು ಹೆಚ್ಚಿದಂತೆ ಮಂಜುಗಡ್ಡೆಯೂ, ಅದನ್ನು ಕಾಯುವ ಪೆಟ್ಟಿಗೆಯೂ ಬೇಕಾದವು.

ಶೇಕಡ 98 ಗಾಳಿ

1839ರಲ್ಲಿ ಬರ್ಲಿನ್ನಿನ ಔಷಧ ವ್ಯಾಪಾರಿ ಎಡುವರ್ಡ್ ಸೈಮನ್ ಒಂದು ಮರದ ಅಂಟಿನಿಂದ ಪಡೆದ ಎಣ್ಣೆ ಕೆಲವು ದಿನಗಳಲ್ಲಿ ಗಟ್ಟಿಯಾದುದನ್ನು ಕಂಡ. ಅದು ಸ್ಟೈರೀನ್ ಅಣುಗಳು ಉದ್ದನೆಯ ಸರಪಳಿಯಾಗಿ ಕೂಡಿಕೊಂಡ ಪರಿಣಾಮವೆಂದು ತಿಳಿಯಲು 1920ರ ದಶಕದವರೆಗೆ ಕಾಯಬೇಕಾಯಿತು. ಇಂತಹ ದೈತ್ಯಾಣುಗಳ ಅಧ್ಯಯನಕ್ಕಾಗಿ ಹರ್ಮನ್ ಸ್ಟೌಡಿಂಗರ್‌ಗೆ 1953ರ ನೊಬೆಲ್ ಪಾರಿತೋಷಕ ದೊರೆಯಿತು. 1950ರ ಸುಮಾರಿಗೆ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯಲ್ಲಿ ಪೆಂಟೇನ್ ತುಂಬಿದ ಪಾಲಿಸ್ಟೈರೀನ್ ಮಣಿಗಳನ್ನು ಹಬೆಯಿಂದ ಹತ್ತಾರು ಪಟ್ಟು ಉಬ್ಬಿಸುವ ವಿಧಾನ ಸಿದ್ಧವಾಯಿತು. ನಾವು ಥರ್ಮೋಕೋಲ್ ಎನ್ನುವುದು ಇದನ್ನೇ. ಅದರ ಗಾತ್ರದಲ್ಲಿ ಸುಮಾರು ಶೇಕಡ 98 ಗಾಳಿ.

ಒಂದು ಸ್ಥೂಲ ಲೆಕ್ಕ ಮಾಡೋಣ. 1 ಚದರ ಮೀಟರ್ ಮೇಲ್ಮೈಯ, 2.5 ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯೊಳಗೆ ಮಂಜುಗಡ್ಡೆ ಇದೆ; ಹೊರಗೆ 30 ಡಿಗ್ರಿ ಸೆಲ್ಸಿಯಸ್. ಥರ್ಮೋಕೋಲಿನ ಉಷ್ಣವಾಹಕತೆ ಸುಮಾರು 0.035 ಮಾನ. ಒಳಹರಿಯುವ ಉಷ್ಣ 42 ವಾಟ್. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕಾದ್ದರಿಂದ ದಿನಕ್ಕೆ ಕರಗುವುದು ಸುಮಾರು 11 ಕಿಲೋಗ್ರಾಂ. ಅಷ್ಟೇ ದಪ್ಪದ ಮರದ ಪೆಟ್ಟಿಗೆಯಾದರೆ 40 ಕಿಲೋಗ್ರಾಂ ಮೀರುತ್ತದೆ.

ಗುಣವೇ ತೊಡಕಾದಾಗ

ಟ್ಯೂಡರನ ಹೊಟ್ಟು ಕೊನೆಗೆ ಮಣ್ಣಾಗಬಲ್ಲದು. ಥರ್ಮೋಕೋಲ್ ಹಾಗೆ ಕೊಳೆಯದು. ಅದನ್ನು ಕರಗಿಸಿ ಮತ್ತೆ ಪಾಲಿಸ್ಟೈರೀನ್ ಮಾಡಬಹುದಾದರೂ ಒಂದು ಘನ ಮೀಟರಿನ ತೂಕ ಸುಮಾರು 20 ಕಿಲೋಗ್ರಾಂ ಮಾತ್ರ. ಹಿಂಡಿ ಚಿಕ್ಕದಾಗಿಸದಿದ್ದರೆ ಲಾರಿ ಗಾಳಿಯನ್ನೇ ಹೊತ್ತೊಯ್ಯುತ್ತದೆ. ಗುಜರಿಯವರು ಬೇಡವೆನ್ನುವುದಕ್ಕೆ ಕಾರಣ ಇದೇ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೆ ದೇಶದಲ್ಲಿ ನಿಷೇಧವಿದೆ. ಮೀನಿನ ಪೆಟ್ಟಿಗೆ ಆ ಪಟ್ಟಿಯಲ್ಲಿಲ್ಲ. ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಂಗಳೂರಿಗರು ಮರೆಯುವಂತಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟಗಳತ್ತ ಹರಿದಿತ್ತು.

ಹಾಗಾಗಿ ಪೆಟ್ಟಿಗೆ ಮುರಿಯುವವರೆಗೂ ಬಳಸುವುದೇ ಮೊದಲ ಮಾರ್ಗ. ಮೀನಿನ ಪೆಟ್ಟಿಗೆಯನ್ನು ಸಾಬೂನು ನೀರಿನಲ್ಲಿ ತೊಳೆದು, ಮತ್ತೆ ಮೀನು ತರಲು ಇಟ್ಟುಕೊಳ್ಳಬಹುದು. ಮೀನು ಹಾಕಿರದ ಶುಚಿಯಾದ ಪೆಟ್ಟಿಗೆ ಅಡುಗೆಮನೆಗೂ ಸಲ್ಲುತ್ತದೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ, ಕುದಿಸಿದ ಪಾತ್ರೆಯನ್ನು ಅವಾಹಕದ ಪೆಟ್ಟಿಗೆಯಲ್ಲಿಟ್ಟು ಅಡುಗೆ ಪೂರೈಸುವ ನಾರ್ವೆಯ ಒಲೆ ಗಮನ ಸೆಳೆದಿತ್ತು. ಗಂಟೆಗಟ್ಟಲೆ ಬೇಯುವ ನಮ್ಮ ಕುಚ್ಚಲಕ್ಕಿಗೆ ಇದು ಹೇಳಿ ಮಾಡಿಸಿದ ಉಪಾಯ. ಆದರೆ ಥರ್ಮೋಕೋಲ್ ಸುಮಾರು 80 ಡಿಗ್ರಿಯಿಂದಲೇ ಮೆದುವಾಗತೊಡಗುತ್ತದೆ. ಪಾತ್ರೆಯ ಸುತ್ತ, ಅಡಿಯಲ್ಲಿ ದಪ್ಪನೆಯ ಹತ್ತಿ ಬಟ್ಟೆ ಇರಲೇಬೇಕು.

ಮುರಿದ ಚೂರುಗಳನ್ನು ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ. ಆ ಕಪ್ಪು ಹೊಗೆಯಲ್ಲಿ ಮಸಿ, ಕಾರ್ಬನ್ ಮಾನಾಕ್ಸೈಡ್, ಸ್ಟೈರೀನ್ ಇರುತ್ತವೆ. ಪುಡಿ ಮಾಡದೆ ಒಣಕಸಕ್ಕೆ ಕೊಡಿ. ಪುಡಿಯಾದರೆ ಚರಂಡಿ, ನೇತ್ರಾವತಿ, ಕಡಲು – ಮೀನು ಬಂದ ದಾರಿಯಲ್ಲೇ ಅದೂ ಹಿಂದಿರುಗುತ್ತದೆ.