ಹಾರ್ಲಿ ಕ್ವಿನ್ನಳ ಅಂಗಿ

ವೈನಿಯವರ ಮೊಮ್ಮಗಳು ನ್ಯೂಜೆರ್ಸಿಯೊಳಗ ಇರ್ತಾಳ, ನಿಮಗೆಲ್ಲಾ ಗೊತ್ತದ. ಈ ಸಲ ಹ್ಯಾಲೋವೀನ್‌ಗೆ ಅಕಿಗೆ ಹಾರ್ಲಿ ಕ್ವಿನ್ ವೇಷ ಬೇಕಂತ. “ಅದ್ಯಾರವಾ, ದೇವರೋ ದೆವ್ವೋ?” ಅಂತ ವೈನಿ ನನ್ನ ಕೇಳಿದ್ರು. ಬಾಯಿಲೆ ಹೇಳಲಿಕ್ಕೆ ಕೂತ್ರ ತಾಸು ಹಿಡೀತದ, ಅದಕ್ಕ ಬರದೇ ಬಿಡ್ತೇನಿ, ಓಣಿಯವರೂ ಓದಲಿ.

ಅಮೇರಿಕಾದ ಬ್ಯಾಟ್‌ಮನ್ ಕಾಮಿಕ್ಸಿನೊಳಗ ಜೋಕರ್ ಅಂತ ಒಬ್ಬ ದುಷ್ಟ ಇದ್ದಾನ. ಬಿಳಿ ಮಾರಿ, ಹಸರ ಕೂದಲು, ನಕ್ಕೋತನ ಕೊಲ್ಲಾಂವ. 1940ರಿಂದ ಇದ್ದಾನ. ಹಾರ್ಲಿ ಅಂದ್ರ ಅವನ ಸಂಗಾತಿ, ಹುಟ್ಟಿದ್ದು 1992ರಾಗ. ಅಕಿ ತೊಟ್ಟ ಅಂಗಿಗಳ ಕತಿ ಮಾತ್ರ ಅಕಿಗಿಂತ ಭಾಳ ಹಳೇದು, ನಾ ಅಲ್ಲಿಂದನ ಸುರು ಮಾಡ್ತೇನಿ.

ಇಟಲಿಯೊಳಗ ಕೊಮೆದಿಯಾ ದೆಲ್ಲಾರ್ತೆ ಅಂತ ಮುಖವಾಡ ಕಟ್ಟಿಕೊಂಡು ಆಡೋ ಆಟ ಇತ್ತು. ನಮ್ಮ ಸಣ್ಣಾಟದ ಮೇಳದ ಹಂಗ ಊರೂರು ತಿರುಗೂದು, ಮಾತು ಅಲ್ಲಲ್ಲೇ ಹುಟ್ಟಿಸಿಕೊಂಡು ಜನಾನ್ನ ನಗಸೂದು. ಅದರಾಗ ಅರ್ಲೆಕ್ಕಿನೋ ಅಂತ ಒಬ್ಬ ಆಳುಮಗ. ಬೆರ್ಗಾಮೊ ಕಡೆಯಾಂವ, ಯಾವಾಗ ನೋಡಿದ್ರೂ ಹಸಿದಾಂವ, ಕಡು ಬಡವ. ಅಂಗಿ ಹರಿದಲ್ಲೆಲ್ಲಾ ತ್ಯಾಪಿ. 1580ರ ದಶಕದಾಗ ತ್ರಿಸ್ತಾನೊ ಮಾರ್ತಿನೆಲ್ಲಿ ಅನ್ನೋ ನಟ ಪ್ಯಾರಿಸ್ಸಿಗೆ ಹೋಗಿ ಈ ಪಾತ್ರ ಮಾಡಿ ಹೆಸರಾದ. ಮೊದಲ ತ್ಯಾಪಿ ಹೆಂಗ ಬೇಕೋ ಹಂಗ ಇರತಿದ್ವು. 17ನೇ ಶತಮಾನದಾಗ ಚಂದ ಕಾಣಲಿ ಅಂತ ಅವೇ ತ್ಯಾಪಿ ಒಂದೇ ಅಳತಿಯ, ಶಂಕರಪೋಳಿ ಆಕಾರದ ತುಣುಕಾದ್ವು. ಇಂಗ್ಲೀಷಿನಾಗ ಅವಗ ಹಾರ್ಲೆಕ್ವಿನ್ ಅಂದ್ರು. ಹಾರ್ಲಿ ಕ್ವಿನ್ ಅನ್ನೋ ಹೆಸರು ಅದನ್ನೇ ಮುರಿದು ಮಾಡಿದ್ದು.

ಇಟಲಿಯವರು ಮಕ್ಕಳಿಗೆ ಒಂದು ಕತಿ ಹೇಳ್ತಾರ. ಹಬ್ಬಕ್ಕ ಎಲ್ಲಾ ಹುಡುಗರಿಗೂ ಹೊಸಾ ಅಂಗಿ, ಅರ್ಲೆಕ್ಕಿನೋಗ ಒಬ್ಬಗ ಇಲ್ಲ. ಗೆಳ್ಯಾರು ತಮ್ಮ ತಮ್ಮ ಅಂಗಿ ಹೊಲದು ಉಳದ ಚೂರು ತಂದು ಕೊಟ್ರು, ಅವರವ್ವ ರಾತ್ರಿಯೆಲ್ಲಾ ಕೂತು ಜೋಡಿಸಿ ಹೊಲದ್ಲು. ಕತಿ ಖರೇನೋ ಸುಳ್ಳೋ, ಕೌದಿ ಹೊಲದ ಕೈಗೆ ಅದು ತಟ್ಟನ ತಿಳೀತದ. ಹಳೇ ಇಳಕಲ್ ಸೀರಿ, ಧೋತರ, ಕುಬಸದ ಚೂರು ಕೂಡಿಸಿ ಹೊಚಗೊಳ್ಳಲಿಕ್ಕೆ ಮಾಡಿಕೊಳ್ಳೂದು ನಮಗೇನ ಹೊಸದಲ್ಲ. ಬಡತನದ ತ್ಯಾಪಿ ಮುಂದ ಶೋಕಿ ಆಗೂದೂ ಹೊಸದಲ್ಲ. ಈಗ ಪ್ಯಾಟ್ಯಾಗ ಕೌದಿಗೆ ಏನ ರೇಟ್ ಹೇಳ್ತಾರ ಕೇಳಿ ನೋಡ್ರಿ.

ಇನ್ನ 1992ಕ್ಕ ಬರೂಣು. ಅಮೇರಿಕಾದ ಟೀವಿಯಾಗ ಬ್ಯಾಟ್‌ಮನ್ ಕಾರ್ಟೂನ್ ಸುರು ಆಗಿತ್ತು. ಸೆಪ್ಟೆಂಬರ್ 11ರ ಕಂತಿನಾಗ ಜೋಕರ್‌ಗೆ ಒಬ್ಬಾಕಿ ಹೆಣ್ಣ ಆಳು ಬೇಕಾತು. ಕೆಲಸ ಏನಂದ್ರ, ಪೊಲೀಸರ ಪಾರ್ಟಿಗೆ ದೊಡ್ಡದೊಂದು ಕೇಕ್ ದಬ್ಬಿಕೊಂಡು ಬರೂದು. ಅಷ್ಟ. ಬರೆದಾಂವ ಪಾಲ್ ಡಿನಿ, ವೇಷ ಚಿತ್ರಿಸಿದಾಂವ ಬ್ರೂಸ್ ಟಿಮ್. ಡಿನಿಯ ಕಾಲೇಜಿನ ಗೆಳತಿ ಆರ್ಲೀನ್ ಸಾರ್ಕಿನ್ ಅಂತ ಒಬ್ಬಾಕಿ ನಟಿ ಇದ್ಲು. ಅಕಿ ಒಂದು ಸೀರಿಯಲ್ಲಿನ ಕನಸಿನ ದೃಶ್ಯದಾಗ ವಿದೂಷಕನ ವೇಷ ಹಾಕಿದ್ಲು. ಡಿನಿ ಆರಾಮಿಲ್ಲದ ಮನ್ಯಾಗ ಬಿದ್ದಾಗ ಆ ವೀಡಿಯೋ ನೋಡಿದ್ನಂತ. ವೇಷವೂ ಅದರಿಂದನ ಹೊಳೀತು, ಧ್ವನಿಯನ್ನೂ ಸಾರ್ಕಿನ್ನಳ ಕಡೆಯಿಂದನ ಕೊಡಿಸಿದ್ರು. ಅಕಿ 2023ರಾಗ ತೀರಿಕೊಂಡ್ಲು.

ಆ ಮೊದಲನೇ ಅಂಗಿ ಹೆಂಗಿತ್ತಂದ್ರ, ಕುತ್ತಿಗಿಯಿಂದ ಹಿಮ್ಮಡಿತನಕ ಮೈತುಂಬ. ಅರ್ಧ ಕೆಂಪು, ಅರ್ಧ ಕಪ್ಪು. ಮ್ಯಾಲೆ ಕೆಂಪಿದ್ದಲ್ಲೆ ಕೆಳಗ ಕಪ್ಪು. ತಲಿಗೆ ಎರಡ ಕೋಡಿನ ಟೋಪಿ, ಕುತ್ತಿಗಿಗೆ ಬಿಳಿ ನೆರಿಗಿ, ತೋಳಿಗೆ ತೊಡಿಗೆ ಅದೇ ಶಂಕರಪೋಳಿ ತುಣುಕು. ಒಂದೇ ಕಂತಿಗೆ ಅಂತ ಮಾಡಿದಾಕಿ ಜನಕ್ಕ ಹಿಡಿಸಿಬಿಟ್ಲು, ಮತ್ತ ಮತ್ತ ಬಂದ್ಲು. 1993ರಾಗ ಬ್ಯಾಟ್‌ಮನ್ ಅಡ್ವೆಂಚರ್ಸ್ 12ನೇ ಸಂಚಿಕೆಯೊಳಗ ಮೊದಲ ಸಲ ಪುಸ್ತಕಕ್ಕೂ ಬಂದ್ಲು. ಎರಡು ಡಾಲರೂ ಇರದ ಆ ತೆಳ್ಳನ ಪುಸ್ತಕ, ಒಂದು ಮಡಿಕಿ ಬೀಳದಂಗ ಇಟ್ಟಿದ್ದು ಸಿಕ್ಕರ ಈಗ ಸಾವಿರ ಡಾಲರಿಗೂ ಮ್ಯಾಲೆ ಹೋಗ್ತದ. ನಮ್ಮಲ್ಲೆ ಹಳೇ ಪುಸ್ತಕಾನ್ನ ರದ್ದಿಯವಗ ತೂಕದ ಮ್ಯಾಲೆ ಹಾಕ್ತೀವಿ, ಅದು ಬ್ಯಾರೆ ಮಾತು.

ಅಕಿಯ ಹಿಂದಿನ ಕತಿ 1994ರಾಗ ಬಂತು. ಡಿನಿ-ಟಿಮ್ ಕೂಡಿ ಮಾಡಿದ ಮ್ಯಾಡ್ ಲವ್ ಅನ್ನೋ ಕಾಮಿಕ್. ಆ ವರ್ಷ ಅದಕ್ಕ ಐಸ್ನರ್ ಪ್ರಶಸ್ತಿನೂ ಸಿಕ್ತು. ಹಾರ್ಲಿ ಮೊದಲ ಡಾಕ್ಟರು, ಹಾರ್ಲೀನ್ ಕ್ವಿನ್ಜೆಲ್ ಅಂತ. ಮನೋರೋಗಿಗಳ ಆಸ್ಪತ್ರಿಯಾಗ ಜೋಕರ್ ಅಕಿಯ ರೋಗಿ. ಅವಾ ತನ್ನ ಸಣ್ಣಂದಿನ ದುಃಖದ ಕತಿ ಹೇಳಿ ಹೇಳಿ ಅಕಿಯ ಮನಸ್ಸು ಕರಗಸ್ತಾನ. ಅಕಿ ಡಾಕ್ಟರಕಿ ಬಿಟ್ಟು, ವೇಷ ತೊಟ್ಟು, ಅವನ ಹಿಂದ ಹೋಗ್ತಾಳ. ಅವನ ಸಲುವಾಗಿ ಬ್ಯಾಟ್‌ಮನ್‌ನ ಹಿಡದು ಕಟ್ಟಿ ಹಾಕ್ತಾಳ. ಅವಾ ಖುಷಿ ಪಟ್ನೇನು? ನನಗಾಗದ ಕೆಲಸ ನೀ ಹೆಂಗ ಮಾಡಿದಿ ಅಂತ ಸಿಟ್ಟಿಗೆದ್ದು ಅಕಿನ್ನ ಕಿಟಕಿಯಿಂದ ಹೊರಗ ದಬ್ತಾನ. ಮೈಯೆಲ್ಲಾ ಮುರಕೊಂಡು ಆಸ್ಪತ್ರಿಯಾಗ ಬಿದ್ದಾಕಿ ಇನ್ನ ಅವನ ಸಂಗ ಸಾಕು ಅನಕೋತಿರಬೇಕಾದ್ರ, ಹಾಸಿಗಿ ಬಾಜೂಕ ಅವಾ ಕಳಿಸಿದ ಒಂದು ಹೂವು ಕಾಣ್ತದ. ಮುಗೀತು. ಮತ್ತ ಕರಗ್ತಾಳ.

ನಾ ಇದನ್ನ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನ ಕೂತೆ. ಇಂಥಾ ಹೂವು ನೋಡಿ ತವರಿನಿಂದ ತಿರುಗಿ ಹೋದಾಕಿ ನಿಮ್ಮ ಬಳಗದಾಗೂ ಒಬ್ಬಾಕಿ ಇರಬಹುದು. ನಮ್ಮಲ್ಲೆ ಇದ್ಲು. ಹಂಗಾಗಿ ಅಮೇರಿಕಾದ ಬಾಲಿಕಿಯರು ಇಂಥಾಕಿಯ ವೇಷ ಯಾಕ ಹಾಕ್ತಾರ ಅನ್ನೂದು ನನಗ ಚೇಷ್ಟಿ ಮಾತಾಗಿ ಉಳೀಲಿಲ್ಲ.

ವೇಷ ಹೊಲಿಯೋದರ ಇತಿಹಾಸದಾಗೂ ಒಬ್ಬಾಕಿ ಹೆಣ್ಣಮಗಳು ಇದ್ದಾಳ. 1939ರಾಗ ನ್ಯೂಯಾರ್ಕಿನಾಗ ವಿಜ್ಞಾನಕತಿ ಅಭಿಮಾನಿಗಳ ಮೊದಲ ಜಾಗತಿಕ ಸಮ್ಮೇಳನ ಆತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತ ಮರ್ಟಲ್ ಡಗ್ಲಸ್, ಅಕಿಗೆ ಮೊರೊಜೊ ಅಂತಿದ್ರು, ಇಬ್ಬರೂ ಮುಂದಿನ ಕಾಲದ ಮಂದಿಯ ಹಂಗ ವೇಷ ಹಾಕಿ ಹೋಗಿದ್ರು. ಅಭಿಮಾನಿಗಳು ವೇಷ ಹಾಕಿ ಬರೂದು ಅಲ್ಲಿಂದನ ಸುರು ಆತು ಅಂತಾರ. ಭಾಳ ದಿನ ಹೆಸರು ಬಂದದ್ದು ಅವಗ. ಎರಡೂ ವೇಷ ಹೊಲದಾಕಿ ಅಕಿ! ಇತ್ತೀಚಿಗೆ ಅಕಿನ್ನ ನೆನಸಲಿಕ್ಕೆ ಹತ್ಯಾರ. ಜಪಾನಿನವರು 1980ರ ದಶಕದಾಗ ಇದಕ್ಕ ಕಾಸ್‌ಪ್ಲೇ ಅನ್ನೋ ಹೆಸರು ಕೊಟ್ರು, ಈಗ ಎಲ್ಲಾ ಕಡೆ ಅದೇ ಹೆಸರು.

ಆಟಗಿ ಸಾಮಾನ ಮಾಡೋರ ಲೆಕ್ಕಾಚಾರ ಬ್ಯಾರೇನ ಇತ್ತು. 2013ರಾಗ ಡಿನಿನೇ ಒಂದು ಸಂದರ್ಶನದಾಗ ಹೇಳ್ಯಾನ: ಸೂಪರ್‌ಹೀರೋ ಕಾರ್ಟೂನನ್ನ ಹುಡುಗಿಯರು ಹೆಚ್ಚ ನೋಡಿದ್ರ ಟೀವಿಯ ದೊಡ್ಡ ಮಂದಿಗೆ ಸಂಕಟ ಆಗ್ತಿತ್ತಂತ, ಯಾಕಂದ್ರ ಹುಡುಗಿಯರು ಆಟಗಿ ಕೊಳ್ಳೂದಿಲ್ಲ ಅಂತ ಅವರ ನಂಬಿಗಿ. ಹುಡುಗಿಯರಿಗೆ ಹಿಡಿಸೋ ಗೊಂಬಿ ಮಾಡಿದ್ರೇನಾ ಕೊಳ್ಳೂದು? 2015ರ ಸುಮಾರಿಗೆ ಬುದ್ಧಿ ಬಂತು. ಡಿಸಿ ಸೂಪರ್ ಹೀರೋ ಗರ್ಲ್ಸ್ ಅಂತ ಸುರು ಮಾಡಿದ್ರು, ಮ್ಯಾಟೆಲ್‌ನವರು ಬಾರ್ಬಿಯ ಹಂಗ ಗೊಂಬಿ ಮಾಡಿದ್ರು. ಅದರಾಗ ಹಾರ್ಲಿ ಸಾಲಿಗೆ ಹೋಗೋ ಹುಡುಗಿ, ವಂಡರ್ ವುಮನ್‌ಳ ಗೆಳತಿ. ಜೋಕರ್‌ನ ಹಿಂದ ಓಡೋ ಕತೀನ ಅಲ್ಲಿಲ್ಲ.

ಮರುವರ್ಷನ ಇನ್ನೊಂದು ಅಂಗಿ ಬಂತು, ಎಲ್ಲಾ ಅದರ ಉಲ್ಟಾ. 2016ರ ಸುಯಿಸೈಡ್ ಸ್ಕ್ವಾಡ್ ಸಿನೆಮಾದಾಗ ಮಾರ್ಗೊ ರಾಬಿ ಹಾರ್ಲಿ ಆದ್ಲು. ತುಂಡು ಚಡ್ಡಿ, ಹರಕ ಟೀಶರ್ಟು, ಅದರ ಮ್ಯಾಲೆ ‘ಅಪ್ಪನ ಪುಟ್ಟ ರಾಕ್ಷಸಿ’ ಅನ್ನೋ ಅರ್ಥದ ಇಂಗ್ಲೀಷ್ ಅಕ್ಷರ. ಜಾಕೆಟ್ಟಿನ ಬೆನ್ನಿಗೆ ‘ಜೋಕರನ ಆಸ್ತಿ’ ಅಂತ ಬರದಿತ್ತು. ಆ ವರ್ಷ ಅಮೇರಿಕಾದಾಗ ಹ್ಯಾಲೋವೀನ್ ವೇಷ ಅಂತ ಗೂಗಲ್ಲಿನಾಗ ಜನ ಎಲ್ಲಾಕ್ಕಿಂತ ಹೆಚ್ಚ ಹುಡುಕಿದ್ದು ಇದನ್ನ. ಸಣ್ಣ ಹುಡುಗಿಯರ ಅಳತಿಗೂ ಬಂತು. ನಾ ಚಡ್ಡಿ ಸುದ್ದಿಗೆ ಹೋಗೂದಿಲ್ಲ. ಹಾಕೊಳ್ಳೋರ ಮೈ, ಹಾಕೊಳ್ಳೋರ ಇಷ್ಟ. ಬೆನ್ನ ಮ್ಯಾಲಿನ ಆ ಎರಡು ಶಬ್ದ ಮಾತ್ರ ನನ್ನ ಗಂಟಲದಾಗ ಇಳೀಲಿಲ್ಲ. ಕಿಟಕಿಯಿಂದ ದಬ್ಬಿದಾಂವನ ಆಸ್ತಿ ಅಂತ ಬರಕೊಂಡು ಎಂಟು ವರ್ಷದ ಕೂಸು ಮನಿ ಮನಿಗೆ ಚಾಕಲೇಟ್ ಕೇಳಲಿಕ್ಕೆ ಹೋಗಬೇಕಾ?

ಇದು ಅಲ್ಲಿಯ ಹೆಣ್ಣಮಕ್ಕಳಿಗೂ ಹತ್ತಿತ್ತು ಅಂತ ಕಾಣ್ತದ. 2013ರಿಂದನ ಅಮಾಂಡಾ ಕಾನರ್ ಅನ್ನಾಕಿ ತನ್ನ ಗಂಡ ಜಿಮ್ಮಿ ಪಾಮಿಯೋಟ್ಟಿಯ ಕೂಡ ಹಾರ್ಲಿಯ ಕಾಮಿಕ್ ಬರೀಲಿಕ್ಕೆ ಹತ್ತಿದ್ಲು. ಅದರಾಗ ಹಾರ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಾಗ ತನ್ನದೇ ಮನಿ ಮಾಡಿಕೊಂಡು ಇರ್ತಾಳ. 2020ರಾಗ ಬರ್ಡ್ಸ್ ಆಫ್ ಪ್ರೇ ಸಿನೆಮಾ ಬಂತು. ನಿರ್ದೇಶಕಿ ಕ್ಯಾಥಿ ಯಾನ್, ಬರದಾಕಿ ಕ್ರಿಸ್ಟಿನಾ ಹಾಡ್ಸನ್, ವಸ್ತ್ರವಿನ್ಯಾಸ ಎರಿನ್ ಬೆನಾಕ್, ರೊಕ್ಕ ಕೂಡಿಸಿದವರೊಳಗ ಮಾರ್ಗೊ ರಾಬಿನೂ ಒಬ್ಬಾಕಿ. ಸುರುವಾತಿಗೇ ಜೋಕರ್‌ನ ಸಂಬಂಧ ಹರೀತದ. ಹಾರ್ಲಿ ಕೂದಲು ಕತ್ತರಿಸಿಕೋತಾಳ, ಅವನ ನೆನಪಿನ ಕೊರಳಪಟ್ಟಿ ತಗದು ಒಗೀತಾಳ. ಮೈಮ್ಯಾಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಪಟ್ಟಿ ಝಾಲರಿನಂಗ ಜೋತಾಡೋ ಜಾಕೆಟ್ಟು. ನೋಡಲಿಕ್ಕೆ ಮತ್ತ ಕೌದಿ ಹಂಗನ.

ಪ್ರತಿ ಸಿನೆಮಾದ ಹಿಂದ ಗೊಂಬಿಯವರು ತಯಾರ ಇರ್ತಾರ. ಫಂಕೋದ ನಾಕು ಬೆರಳೆತ್ತರದ ದೊಡ್ಡತಲಿ ಗೊಂಬಿ ಕಡಿಮಿ ರೊಕ್ಕಕ್ಕ ಸಿಗ್ತದ. ಹಾಂಗ್‌ಕಾಂಗಿನ ಹಾಟ್ ಟಾಯ್ಸ್‌ನವರದು ಒಂದಡಿ ಎತ್ತರ, ಅದಕ್ಕ ಖರೇ ಅರಿವಿಯಿಂದ ಅಳತಿ ಪ್ರಕಾರ ಅಂಗಿ ಹೊಲದು ತೊಡಸ್ತಾರ, ಕಿಮ್ಮತ್ತೂ ಭಾಳ. ಸಿನೆಮಾ ಬರೋದ್ರೊಳಗನ ಫೋಟೋ ತೋರಿಸಿ ಮುಂಗಡ ತಗೋತಾರ. ಗೊಂಬಿ ಕೈಗೆ ಬರಲಿಕ್ಕೆ ಒಮ್ಮೊಮ್ಮೆ ವರ್ಷದ ಮ್ಯಾಲಾಗ್ತದ. ಅಷ್ಟೊತ್ತಿಗೆ ಮುಂದಿನ ಸಿನೆಮಾದ ವೇಷ ಬ್ಯಾರೇನ ಆಗಿರ್ತದ. 2024ರ ಅಕ್ಟೋಬರಿನಾಗ ಬಂದ ಜೋಕರ್ ಸಿನೆಮಾದಾಗ ಲೇಡಿ ಗಾಗಾ ಹಾರ್ಲಿ ಆದಾಗ ಕೋಡಿನ ಟೋಪಿ ಇಲ್ಲ.

ನನ್ನ ಮತ 1992ರ ಅಂಗಿಗೆ. ಅದರ ಮ್ಯಾಲೆ ಯಾರ ಹೆಸರೂ ಇಲ್ಲ, ಅಕ್ಟೋಬರಿನ ಥಂಡಿಗೆ ಮೈತುಂಬನೂ ಇರ್ತದ. ಪ್ಯಾಕೆಟ್ಟಿನಾಗ ಬರೋ ವೇಷ ತೆಳ್ಳನ ಪಾಲಿಯೆಸ್ಟರಿನದು, ತುಣುಕು ಬರೇ ಛಾಪಿಸಿದ್ದು, ಅದಕ್ಕ ಹೊಲಿಯೋದೇ ಚಲೋ. ಎಳದ್ರ ಹಿಗ್ಗೋ ಹೊಸೈರಿ ಅರಿವಿ ತಗೋರಿ, ಕೆಂಪು-ಕಪ್ಪು ಎರಡೂ ಒಂದೇ ದಪ್ಪನ್ನದ್ದು. ಕೆಂಪನ್ನ ಮೊದಲ ಒಂದು ಸಲ ಉಪ್ಪುನೀರಿನಾಗ ತೊಳದು ನೋಡ್ರಿ, ಬಣ್ಣ ಬಿಟ್ರ ಬಿಳಿ ನೆರಿಗಿ ಗುಲಾಬಿ ಆಗ್ತದ. ಶಂಕರಪೋಳಿ ತುಣುಕಿನ ಅಂಚು ಉರೇಬ್ ಬೀಳೂದ್ರಿಂದ ಹೊಲಿಯೋವಾಗ ಜಗ್ಗಿ ಸೊಟ್ಟ ಆಗ್ತದ. ಮೊದಲ ರಟ್ಟಿನಾಗ ಒಂದು ಅಳತಿ ಕತ್ತರಿಸಿಕೊಂಡು ಎಲ್ಲಾ ಅದರ ಪ್ರಕಾರ ತಗದು, ಹಿಂದ ಕಾಗದ ಇಟ್ಟು ಕೈಲೆ ಟಾಕಿ ಹಾಕಿ, ಆಮ್ಯಾಲೆ ಮಷೀನಿಗೆ ಕೊಡ್ರಿ. ಟೋಪಿಯ ಕೋಡಿಗೆ ಹತ್ತಿ ಭಾಳ ತುಂಬಬ್ಯಾಡ್ರಿ, ಭಾರಕ್ಕ ಜಾರಿ ಕೂಸಿನ ಕಣ್ಣಮ್ಯಾಲೆ ಬೀಳ್ತದ.